ಎಪ್ಪತ್ತು ತಾಸು

ನನ್ನ ಗಂಡನ ಹೆಸರು ಹನುಮಂತ. ಮೂವತ್ತೆರಡು ವರ್ಷ ‘ಅವರು’, ‘ಇವರು’ ಎಂದೇ ಕರೆದಿದ್ದೇನೆ. ಇಷ್ಟೆಲ್ಲ ಆದ ಮೇಲೆ ಹೆಸರು ಹಿಡಿದು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ. ನಾನು ಮಂದಾಕಿನಿ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನೂ ಹೇಳುತ್ತೇನೆ.

ಹನುಮಂತ ಕಟ್ಟಡಗಳಿಗೆ ಪರವಾನಗಿ ಕೊಡುವ ಕಚೇರಿಯ ಅಧಿಕಾರಿ. ಮೂವತ್ತು ವರ್ಷದ ನೌಕರಿಯಲ್ಲಿ ಒಬ್ಬ ಬಿಲ್ಡರನ ಚಹಾವನ್ನೂ ಕುಡಿದವನಲ್ಲ. ಅವನ ಅಪ್ಪ, ಅಜ್ಜ ಇಬ್ಬರೂ ಸರಕಾರಿ ನೌಕರರು, ಕಲಬುರ್ಗಿ ಕಡೆಯಿಂದ ಬಂದು ಹೈದರಾಬಾದಿನಲ್ಲೇ ಉಳಿದವರು. ಕಚೇರಿಯ ಪೆನ್ಸಿಲ್ ಕೂಡ ಮನೆಯ ಹೊಸ್ತಿಲು ದಾಟಬಾರದು ಎಂಬುದು ಆ ಮನೆತನದ ವ್ರತ. ಇಂಥವನಿಗೆ ಒಂದೇ ಒಂದು ಹುಚ್ಚಿತ್ತು. ಚಿಕ್ಕಂದಿನಲ್ಲಿ ಅಪ್ಪನ ಸಾಹೇಬರು ತಮ್ಮ ಸ್ವಿಸ್ ಕೈಗಡಿಯಾರ ಬಿಚ್ಚಿ ಇವನ ಕಿವಿಗೆ ಹಿಡಿದಿದ್ದರಂತೆ. ಆ ಸದ್ದು ಇವನ ತಲೆಯಿಂದ ಇಳಿಯಲೇ ಇಲ್ಲ. ನಿವೃತ್ತಿಯ ಹೊತ್ತಿಗೆ ಅದೇ ಕಂಪನಿಯ, ಉಕ್ಕಿನ ಪಟ್ಟಿಯ, ನೀಲಿ ಮುಖದ ಗಡಿಯಾರ ತನ್ನ ಕೈಯಲ್ಲಿರಬೇಕು ಎಂದು ಭವಿಷ್ಯನಿಧಿಯಲ್ಲಿ ಒಂದು ಪಾಲು ತೆಗೆದಿಟ್ಟಿದ್ದ.

ದುಡ್ಡಿದ್ದರೆ ಸಾಲದು ಎಂದು ತಿಳಿದದ್ದು ಬಂಜಾರಾ ಹಿಲ್ಸ್‌ನ ಅಂಗಡಿಗೆ ಹೋದ ಮೇಲೆ. ಅಲ್ಲಿ ಗಾಜಿನೊಳಗೆ ಇದ್ದದ್ದೆಲ್ಲ ನೋಡುವುದಕ್ಕೆ, ಮಾರುವುದಕ್ಕಲ್ಲ. ಹೆಸರು ಬರೆಸಿ ಕಾಯಬೇಕು. ಎಷ್ಟು ದಿನ ಎಂದು ಕೇಳಿದರೆ ಅಂಗಡಿಯ ಹುಡುಗಿ ನಕ್ಕಳು. ಮೊದಲು ಮೇಡಂಗೆ ಒಂದು ವಜ್ರದ್ದು, ಮಗಳಿಗೆ ಒಂದು ಚಿನ್ನದ್ದು ಕೊಂಡರೆ ‘ಪ್ರೊಫೈಲ್’ ಬೆಳೆಯುತ್ತದೆ, ಆಗ ಬೇಗ ಆಗಬಹುದು ಎಂದಳು. ಸರದಿ ಅಂದರೆ ಸರದಿ ಎಂದು ಹೇಳಿ ಹನುಮಂತ ಹೆಸರು ಬರೆಸಿ ಎದ್ದು ಬಂದ. ಅದು ಕೊರೊನಾ ಬರುವುದಕ್ಕೆ ಮುಂಚಿನ ವರ್ಷ.

ಕೊರೊನಾ ಕಾಲದಲ್ಲಿ ಅದೇ ಗಡಿಯಾರ ಹೊರಗಿನ ಮಾರುಕಟ್ಟೆಯಲ್ಲಿ ಎರಡು ಪಟ್ಟು ಬೆಲೆಗೆ ಹೋಯಿತು. ಮೀಸೆ ಮೂಡದ ಹುಡುಗರೆಲ್ಲ ಶೇರು ಬಿಟ್ಟು ಗಡಿಯಾರ ಹಿಡಿದರು. ಆಮೇಲೆ ಬೆಲೆ ಕುಸಿಯಿತು, ಮಾರಿ ಲಾಭ ಮಾಡಲು ನಿಂತಿದ್ದವರು ಪಟ್ಟಿಯಿಂದ ಜಾರಿಕೊಂಡರು, ಬೇರೆ ಮಾದರಿಗಳು ಕೇಳಿದ ವಾರದಲ್ಲೇ ಸಿಗತೊಡಗಿದವು. ಈ ನೀಲಿ ಮುಖದ್ದೊಂದರ ಸಾಲು ಮಾತ್ರ ಕದಲಲಿಲ್ಲ. ಆರು ತಿಂಗಳಿಗೊಮ್ಮೆ ಹನುಮಂತ ಫೋನ್ ಮಾಡುವುದು, ಅವರು ‘ಪಟ್ಟಿಯಲ್ಲಿದ್ದೀರಿ ಸರ್’ ಎನ್ನುವುದು. ತಿರುಪತಿ ತಿಮ್ಮಪ್ಪನೂ ಇಷ್ಟು ಕಾಯಿಸುವುದಿಲ್ಲ ಎಂದು ನಾನು ಆರು ವರ್ಷ ಚುಡಾಯಿಸಿದೆ.

ಚುಡಾಯಿಸಿದ್ದು ಮನೆಯೊಳಗೇ ಉಳಿದಿದ್ದರೆ ಚೆನ್ನಾಗಿತ್ತು. ಭಾದ್ರಪದದಲ್ಲಿ ಒಂದು ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಪಕ್ಕದಲ್ಲಿ ಕುಳಿತವಳು ದೀಪಾಲಿ, ಮಿಯಾಪುರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೆಯೇ ಮೂವತ್ತು ಮಹಡಿ ಎಬ್ಬಿಸಲು ಹೊರಟಿದ್ದ ಬಿಲ್ಡರ್ ಅಮೋಲನ ಹೆಂಡತಿ. ಬೀದರ್ ಮೂಲದವರು, ಕನ್ನಡದವರು. ಅವಳ ಕೈಯಲ್ಲಿ ಅದೇ ಕಂಪನಿಯ ಗಡಿಯಾರ ಕಂಡು ನನ್ನ ನಾಲಗೆ ಸುಮ್ಮನಿರಲಿಲ್ಲ. ನಮ್ಮ ಯಜಮಾನರು ಇದಕ್ಕಾಗಿ ಆರು ವರ್ಷದಿಂದ ಕ್ಯೂನಲ್ಲಿ ನಿಂತಿದ್ದಾರೆ ಎಂದು ನಗುತ್ತ ಹೇಳಿದೆ. ಯಾವ ಅಂಗಡಿ, ಯಾವ ಬಣ್ಣ ಎಂದು ಕೇಳಿದಳು, ಅದನ್ನೂ ಹೇಳಿದೆ. ಅಮೋಲನ ಕೆಲಸವನ್ನು ಮಳೆಗಾಲದ ಆರಂಭದಲ್ಲೇ ತಡೆದವನು ನನ್ನ ಗಂಡ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ತಡೆದದ್ದು ಒಂದು ಗೋಡೆಯ ಕಾರಣಕ್ಕೆ. ಆ ಸೈಟಿನ ಅಂಚಿಗೆ ಇಪ್ಪತ್ತು ಅಡಿಯ ಗೋಡೆ ಇತ್ತು. ಅದರ ಹಿಂದೆ, ಮೇಲ್ಮಟ್ಟದಲ್ಲಿ, ಲಾರಿ ಓಡಾಡುವ ಮಣ್ಣಿನ ದಾರಿ. ಈಚೆ, ಬುಡದಲ್ಲಿ, ಕೂಲಿಯವರ ಹನ್ನೊಂದು ತಗಡಿನ ಶೆಡ್ಡು. ಗೋಡೆ ಶೆಡ್ಡುಗಳ ಕಡೆಗೆ ಉಬ್ಬಿತ್ತು. ಗೋಡೆಗೆ ಆಸರೆ ಕಟ್ಟಿ, ಶೆಡ್ಡು ಸರಿಸುವ ತನಕ ಒಂದು ಲಾರಿಯೂ ಓಡಬಾರದು ಎಂದು ಹನುಮಂತ ಬರೆದಿದ್ದ. ಆ ಶೆಡ್ಡುಗಳಲ್ಲಿ ಒಂದು ಬಂಡೆಮ್ಮನದು.

ಬಂಡೆಮ್ಮ ಯಾದಗಿರಿ ಕಡೆಯವಳು. ಗಂಡ ಸಾಬಣ್ಣ ಅಮೋಲನ ಸೈಟುಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಗಾರ. ಅವಳು ಬೆಳಿಗ್ಗೆ ಏಳೂವರೆಗೆ ನಮ್ಮಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದಳು, ಎಂಟೂವರೆಗೆ ಇನ್ನೊಂದು ಮನೆ. ಗಡಿಯಾರ ನೋಡಲು ಬಾರದು, ಅದಕ್ಕೆ ನಡುನಡುವೆ ‘ಟೈಮ್ ಎಷ್ಟಾತ್ರೀ ಅಕ್ಕಾರ’ ಎಂದು ಕೇಳುವಳು. ಒಂದು ತಾಸಿನಲ್ಲಿ ನಾಲ್ಕು ಸಲ. ನಾನು ರೇಗಿದ್ದೂ ಉಂಟು. ಆದರೆ ಹೊರಗೆಲ್ಲ ತೆಲುಗು, ಹಿಂದಿ ಆಡುವ ನನಗೆ ಅವಳ ಜೊತೆ ಆಡುವ ಕನ್ನಡ ದಿನದ ಮೊದಲ ಸುಖವಾಗಿತ್ತು, ಅದೂ ನಿಜ.

ಅರಿಶಿನ ಕುಂಕುಮ ಮುಗಿದು ಹನ್ನೆರಡನೆಯ ದಿನ ಅಂಗಡಿಯಿಂದ ಫೋನ್ ಬಂತು. ನಿಮ್ಮ ಗಡಿಯಾರ ಬಂದಿದೆ ಸರ್. ಹನುಮಂತ ಅಂದು ಮೊದಲ ಬಾರಿಗೆ ಅರ್ಧ ದಿನ ರಜೆ ಹಾಕಿದ, ಬೇಗಂಪೇಟೆಯ ಕಚೇರಿಯಿಂದ ನೇರವಾಗಿ ಅಂಗಡಿಗೆ ಬಂದ, ನಾನು ಮನೆಯಿಂದ ಹೋದೆ. ಹುಡುಗಿ ಬಿಳಿ ಕೈಗವಸು ತೊಟ್ಟು ಗಡಿಯಾರದ ಮೇಲಿನ ತೆಳು ಹಾಳೆ ಸುಲಿದಳು, ಪಟ್ಟಿಯ ಎರಡು ಕೊಂಡಿ ಕಳಚಿ ಇವನ ಮುಂಗೈಗೆ ಸರಿಮಾಡಿದಳು. ಕೈಯ ಚಲನೆಯಿಂದಲೇ ಇದಕ್ಕೆ ಜೀವ, ಕಳಚಿಟ್ಟರೂ ಎಪ್ಪತ್ತು ತಾಸು ತಾನೇ ನಡೆಯುತ್ತದೆ ಎಂದಳು. ಹನುಮಂತ ಅದನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ಅಷ್ಟು ಸಂತೋಷದಲ್ಲಿ ನಾನು ಅವನನ್ನು ನೋಡಿರಲಿಲ್ಲ.

ಪೂರ್ತಿ ಬೆಲೆಗೆ ಚೆಕ್ ಬರೆದ, ಕೊಂಡ ವಿಷಯ ಕಚೇರಿಗೆ ತಿಳಿಸುವ ಪತ್ರವನ್ನೂ ಅಲ್ಲೇ ಕುಳಿತು ಬರೆದ. ಬೀಳ್ಕೊಡುವಾಗ ಹುಡುಗಿ, ನಿಮಗಿಂತ ಮುಂದಿದ್ದವರೊಬ್ಬರು ತಮ್ಮ ಸರದಿ ಬಿಟ್ಟುಕೊಟ್ಟರು ಸರ್, ಅದೃಷ್ಟ ನಿಮ್ಮದು ಎಂದಳು. ಯಾರು ಎಂದು ಹನುಮಂತ ಕೇಳಲಿಲ್ಲ. ನನಗೆ ದೀಪಾಲಿಯ ಮುಖ ಕಣ್ಣಮುಂದೆ ಬಂತು. ನಾನೂ ಕೇಳಲಿಲ್ಲ.

ದಸರೆ ಬಂತು. ಆ ಸಂಜೆ ಬನ್ನಿ ಎಲೆ ಕೊಡುವುದು ನಮ್ಮ ಕಡೆಯ ಪದ್ಧತಿ. ಎಲೆಗೆ ಬಂಗಾರವೆಂದೇ ಹೆಸರು. ಬನ್ನಿ ಹಿಡಿದು ಬಂದವರು ಎಂಥ ವೈರಿಯಾದರೂ ಬಾಗಿಲಿಂದ ಕಳಿಸುವಂತಿಲ್ಲ, ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ನಮ್ಮ ತಟ್ಟೆಯಿಂದ ತಿರುಗಿ ಕೊಡಲೇಬೇಕು. ಕೊಡದೆ ಉಳಿಸಿಕೊಂಡರೆ ಮನೆಗೆ ಒಳ್ಳೆಯದಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಮೊದಲು ಬಂದವರು ಬಂಡೆಮ್ಮ, ಸಾಬಣ್ಣ. ಸಾಬಣ್ಣ ಬಾಗಿಲಲ್ಲೇ ನಿಂತ. ಬಂಡೆಮ್ಮ ಬನ್ನಿ ಕೊಟ್ಟು, ಹನುಮಂತನ ಕಾಲು ಮುಟ್ಟಿ, ಏಳದೆ ಅಲ್ಲೇ ಕುಳಿತಳು.

“ಗ್ವಾಡಿ ಬಿರಕ್ ಬಿಟ್ಟೈತ್ರೀ ಸಾಹೇಬ್ರ. ನನ್ನ ಮುಂಗೈ ಒಳಗ ಹೋಗ್ತೈತಿ. ಮಲಗಿದಾಗ ಮಾರಿ ಮ್ಯಾಲ ಮಣ್ಣು ಉದರಾಕತ್ತೈತಿ.”

“ಕೆಲಸ ನಿಲ್ಲಿಸೀನಿ, ಬಂಡೆಮ್ಮ” ಎಂದ ಹನುಮಂತ. “ನಾ ಕುರ್ಚಿ ಮ್ಯಾಲ ಇರೂತನಕ ಅಲ್ಲಿ ಲಾರಿ ಓಡಂಗಿಲ್ಲ. ಹೆದರಬ್ಯಾಡ.”

ಅವನು ಕೊಟ್ಟ ಬನ್ನಿಯನ್ನು ಅವಳು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಅವರು ಲಿಫ್ಟು ಇಳಿದಿರಬೇಕು, ಅಷ್ಟರಲ್ಲೇ ಮತ್ತೆ ಬಾಗಿಲ ಗಂಟೆ ಸದ್ದಾಯಿತು.

ಅಮೋಲ ಬಿಳಿ ಜುಬ್ಬದಲ್ಲಿ ನಿಂತಿದ್ದ, ಹಿಂದೆ ದೀಪಾಲಿ. ಹಬ್ಬದ ದಿನ, ಕೈಯಲ್ಲಿ ಬನ್ನಿ. ಒಳಗೆ ಕರೆಯದೆ ಗತ್ಯಂತರವಿರಲಿಲ್ಲ. ಹನುಮಂತ ಎರಡೂ ಕೈ ಚಾಚಿದ. ಅಮೋಲ ಎಲೆಗಳನ್ನು ಬೊಗಸೆಗೆ ಹಾಕಿ, ಇವನ ಎಡ ಮುಂಗೈ ಹಿಡಿದುಕೊಂಡು ಬೆಳಕಿಗೆ ತಿರುಗಿಸಿದ. ದೀಪಾಲಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಹಬ್ಬದ ಫೋಟೋ ಎಂದಳು.

“ಚಂದ ಒಪ್ಪೈತ್ರೀ. ಇದು ನನ್ನ ಸರದಿ ಇತ್ತು. ಅಂಗಡಿಯವರಿಗೆ ನಿಮ್ಮ ಹೆಸರು ನಾನ ಹೇಳೀನಿ.”

ಹನುಮಂತನ ಕೈ ಅವನ ಹಿಡಿತದಲ್ಲೇ ಇತ್ತು. “ನಾ ಪೂರಾ ದುಡ್ಡು ಕೊಟ್ಟೀನ್ರೀ” ಎಂದ. ಧ್ವನಿ ಸಣ್ಣದಾಗಿತ್ತು.

“ದುಡ್ಡು ಎಲ್ಲಾರೂ ಕೊಡತಾರ್ರೀ. ಸರದಿ ಯಾರು ಕೊಡತಾರ?”

ಕೈ ಬಿಟ್ಟು ಅಮೋಲ ತನ್ನ ಬೊಗಸೆ ಚಾಚಿ ನಿಂತ. ಈಗ ನಿಮ್ಮ ಬಂಗಾರ ಕೊಡಿ ಎಂದು ನಗುತ್ತ ಕೇಳಿದ. ಪದ್ಧತಿ ಪದ್ಧತಿಯೇ. ಹನುಮಂತ ತಟ್ಟೆಯಿಂದ ಎಲೆ ಎತ್ತಿ ಕೊಟ್ಟ. ಸೋಮವಾರ ಫೈಲು ನಿಮ್ಮ ಮೇಜಿಗೆ ಬರುತ್ತದೆ ಎಂದು ತಿಳಿಸಿ, ನನಗೂ ಕೈಮುಗಿದು ಅಮೋಲ ಹೋದ. ಬೆದರಿಸುವ ಒಂದು ಮಾತನ್ನೂ ಅವನು ಆಡಲಿಲ್ಲ.

ಮರುದಿನ ಹನುಮಂತ ಗಡಿಯಾರ ವಾಪಸು ಕೊಡಲು ಹೋದ. ಹಾಳೆ ಸುಲಿದದ್ದು, ಕೊಂಡಿ ಕಳಚಿದ್ದು, ತಿರುಗಿ ತೆಗೆದುಕೊಳ್ಳುವುದಿಲ್ಲ ಎಂದರು. ತೆಗೆದುಕೊಂಡಿದ್ದರೂ ಯಾರ ಸರದಿ ಯಾರಿಗೆ ಹೋಯಿತು ಎಂಬುದು ಅವರ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಮನೆಗೆ ಬಂದು ಸೋಫಾದಲ್ಲಿ ಕುಳಿತ. ನಿವೃತ್ತಿಗೆ ಮೂರು ತಿಂಗಳೂ ಇರಲಿಲ್ಲ. ಆ ಫೋಟೋ ಹೊರಬಿದ್ದರೆ ವಿಚಾರಣೆ, ಪಿಂಚಣಿಗೆ ತಡೆ, ಮೂರು ತಲೆಮಾರಿನ ಹೆಸರು ಪೇಪರಿನಲ್ಲಿ. ಎಲ್ಲವನ್ನೂ ಮೇಲಿನವರಿಗೆ ಬರೆದು ತಿಳಿಸುತ್ತೇನೆ ಎಂದು ಕಾಗದ ತೆಗೆದುಕೊಂಡ. ಅವನ ಕೈಯಿಂದ ಪೆನ್ನು ಕಿತ್ತುಕೊಂಡವಳು ನಾನು.

“ಸಹಿ ಮಾಡಿಬಿಡ್ರಿ. ಇಷ್ಟು ಮಳಿಗಿ ಬೀಳದ ಗ್ವಾಡಿ ಇನ್ನ ಬೀಳತೈತೇನು?”

ಹೇಳುವಾಗ ನನಗೆ ಬಂಡೆಮ್ಮನ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ನಮ್ಮ ಹೆಸರಿನ ಮುಂದೆ ಅವಳು ಚಿಕ್ಕವಳಾಗಿ ಕಂಡಳು.

ಸೋಮವಾರ ತಡೆ ತೆಗೆಯುವ ಫೈಲಿಗೆ ಸಹಿಯಾಯಿತು. ಕೆಳಗೆ, ಒಂದು ವಾರದೊಳಗೆ ಶೆಡ್ಡುಗಳನ್ನು ಸರಿಸತಕ್ಕದ್ದು ಎಂದು ಹನುಮಂತ ಸೇರಿಸಿದ್ದ. ಆ ಒಂದು ಸಾಲಿನ ಮೇಲೆ ಅವನು ನಿದ್ದೆ ಮಾಡಲು ನೋಡಿದ, ನಿದ್ದೆ ಬರಲಿಲ್ಲ. ಮಂಗಳವಾರದಿಂದ ಲಾರಿಗಳು ಓಡಿದವು. ಒಂದೊಂದು ಹೋದಾಗಲೂ ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬಂಡೆಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಆ ಲೋಟಗಳನ್ನು ನೋಡುತ್ತಿದ್ದಳು.

“ಸಾಹೇಬ್ರು ಲಾರಿ ಓಡಂಗಿಲ್ಲ ಅಂದಿದ್ರಲ್ರೀ, ಅಕ್ಕಾರ.”

ಶೆಡ್ಡು ಸರಿಸುತ್ತಾರೆ ಎಂದೆ. ಮೇಸ್ತ್ರಿ ದೀಪಾವಳಿ ಕಳೆಯಲಿ ಅನ್ನುತ್ತಾನೆ, ಈಗ ಬಿಟ್ಟು ಹೋದರೆ ಬಾಕಿ ನಿಂತ ಕೂಲಿ ಕೊಡುವುದಿಲ್ಲ ಅನ್ನುತ್ತಾನೆ ಎಂದಳು. ಮದುವೆಯಾಗಿ ಹೋದ ಮಗಳ ಕೋಣೆ ನಮ್ಮಲ್ಲಿ ಖಾಲಿ ಇತ್ತು. ನಾಲ್ಕು ದಿನ ಇಲ್ಲೇ ಇರು ಎಂಬ ಮಾತು ನನ್ನ ತುಟಿಯ ತನಕ ಬಂದಿತ್ತು. ಯಾಕೆ ಎಂದು ಅವಳು ಕೇಳಿದರೆ ಏನು ಹೇಳುವುದೆಂದು ಆ ಮಾತು ಬಿಟ್ಟುಬಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಟೈಮ್ ಎಷ್ಟಾಯಿತೆಂದು ಕೇಳಿದಳು, ಹೇಳಿದೆ.

ಆಮೇಲಿನ ವಾರ ವಾಯುಭಾರ ಕುಸಿತವಾಗಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ಗುರುವಾರ ಬೆಳಗಿನ ಜಾವ ಒಂದು ಸದ್ದು ಕೇಳಿ ಎಚ್ಚರವಾಯಿತು. ಗುಡುಗು ಎಂದುಕೊಂಡೆ. ಹಾಗಂದುಕೊಳ್ಳುವುದು ಸುಲಭವಾಗಿತ್ತು. ಹನುಮಂತನೂ ಎಚ್ಚರವಾಗೇ ಇದ್ದ. ಏಳೂವರೆಯಾಯಿತು, ಬಂಡೆಮ್ಮ ಬರಲಿಲ್ಲ. ಏಳೂ ಐವತ್ತಕ್ಕೆ ಅವನ ಕಿರಿಯ ಎಂಜಿನಿಯರ್ ರಾಘವೇಂದ್ರನ ಫೋನ್ ಬಂತು. ಹನುಮಂತ ನಿಂತುಕೊಂಡೇ ಕೇಳಿಸಿಕೊಂಡ. ಎಷ್ಟು ಶೆಡ್ಡು ಎಂದು ಮಾತ್ರ ಕೇಳಿದ. ಫೋನ್ ಕೆಳಗಿಟ್ಟು, ಗಡಿಯಾರ ಬಿಚ್ಚಿ ಊಟದ ಮೇಜಿನ ಮೇಲಿಟ್ಟು, ಚಪ್ಪಲಿಯಲ್ಲೇ ಮಳೆಗೆ ಇಳಿದು ಹೋದ.

ನಾಲ್ಕು ಶೆಡ್ಡಿನ ಮೇಲೆ ಗೋಡೆ ಬಿದ್ದಿತ್ತು, ಗೋಡೆಯ ಮೇಲೆ ದಾರಿ, ದಾರಿಯ ಜೊತೆ ಒಂದು ಲಾರಿ. ಸಾಬಣ್ಣ ಹಿಂದಿನ ಸಂಜೆಯೇ ದಿಲ್‌ಸುಖ್‌ನಗರದ ಇನ್ನೊಂದು ಸೈಟಿಗೆ ಹೋಗಿದ್ದ, ಉಳಿದ. ಮಳೆಯಲ್ಲಿ ತೋಡಿದಷ್ಟೂ ಮಣ್ಣು ಕುಸಿಯುತ್ತಿತ್ತು. ಹನುಮಂತ ಮನೆಗೆ ಬರಲಿಲ್ಲ. ನಾನು ಹೋಗಿ ದೂರದಲ್ಲಿ ನಿಂತು ನೋಡಿ ಬಂದೆ, ಸಾಬಣ್ಣನ ಎದುರಿಗೆ ಹೋಗುವ ಧೈರ್ಯವಾಗಲಿಲ್ಲ. ಮನೆಯಲ್ಲಿ ಪಾತ್ರೆಗಳು ಹಾಗೇ ಬಿದ್ದಿದ್ದವು. ಮೇಜಿನ ಮೇಲಿನ ಗಡಿಯಾರವನ್ನು ನಾನು ಮುಟ್ಟಲಿಲ್ಲ. ಶುಕ್ರವಾರವೂ ನಡೆಯುತ್ತಿತ್ತು. ನಿಲ್ಲಲಿ ಎಂದು ಅದರೆದುರು ಕುಳಿತು ಬೇಡಿಕೊಂಡೆ.

ಶನಿವಾರ ಸಂಜೆ ಬಂಡೆಮ್ಮನನ್ನು ಹೊರತೆಗೆದರು. ಸೆರಗಿನ ತುದಿಯ ಬನ್ನಿಯ ಗಂಟು ಹಾಗೇ ಇತ್ತಂತೆ. ಪಂಚನಾಮೆ ಬರೆಯುತ್ತಿದ್ದ ಪೊಲೀಸರು ಟೈಮ್ ಎಷ್ಟು ಎಂದು ಹನುಮಂತನನ್ನು ಕೇಳಿದರಂತೆ. ಅವನು ಬರಿಯ ಮುಂಗೈ ನೋಡುತ್ತ ನಿಂತನಂತೆ, ಉತ್ತರ ಕೊಡಲಿಲ್ಲವಂತೆ. ಮನೆಯಲ್ಲಿ ಗಡಿಯಾರದೆದುರು ಕುಳಿತಿದ್ದ ನಾನು ಕೊಡಬಹುದಿತ್ತು. ಆರು ಗಂಟೆ ಹತ್ತು ನಿಮಿಷ. ಕಳಚಿಟ್ಟು ಐವತ್ತೆಂಟು ತಾಸಾಗಿತ್ತು, ಅದು ಇನ್ನೂ ನಡೆಯುತ್ತಿತ್ತು.