ಹಾಡುವಾಗಿನ ಒತ್ತಡ

ಲೋಸಾ ಆಂಟಿಯನ್ನು ಕಣ್ಣಾರೆ ಕಾಣುವ ಮೊದಲೇ ಅವರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದ ಅಂಕುಡೊಂಕೆಲ್ಲ ನನಗೆ ಬಾಯಿಪಾಠವಾಗಿತ್ತು. ಗ್ರಾಫ್ಟನ್ ದಿಣ್ಣೆಯ ಮೇಲಿನ ನಮ್ಮ ಲ್ಯಾಬಿಗೆ ಆಸ್ಪತ್ರೆಯಿಂದ ಸ್ಕ್ಯಾನುಗಳು ಬರುತ್ತವೆ. ಒಂದೊಂದೂ ಬ್ರೆಡ್ಡಿನ ಹೋಳುಗಳ ಹಾಗೆ ನೂರಾರು ತೆಳು ಚಿತ್ರಗಳ ಕಟ್ಟು. ಅವನ್ನು ಜೋಡಿಸಿ ಕಂಪ್ಯೂಟರಿನಲ್ಲಿ ನಾಳದ ಆಕಾರ ಕಟ್ಟುತ್ತೇನೆ. ಅದರ ಗೋಡೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ರಕ್ತ ಒಳಗಿನಿಂದ ನೂಕಿದಾಗ ಯಾವ ತುಂಡಿನ ಮೇಲೆ ಎಷ್ಟು ಎಳೆತ ಬೀಳುತ್ತದೆಂದು ಲೆಕ್ಕ ಹಾಕುತ್ತೇನೆ. ಎಳೆತ ಕಡಿಮೆಯಿದ್ದಲ್ಲಿ ನೀಲಿ ಬಣ್ಣ, ನಡುವೆ ಹಸಿರು, ಹೆಚ್ಚಿದ್ದಲ್ಲಿ ಕೆಂಪು.

ಆಂಟಿಯ ನಾಳ ಒಂದು ಕಡೆ ಉಬ್ಬಿತ್ತು; ಒಡೆದರೆ ಜೀವಕ್ಕೇ ಅಪಾಯ, ಆದರೆ ಆಪರೇಷನ್ ಮಾಡಲೇಬೇಕು ಅನ್ನುವಷ್ಟಲ್ಲ. ಸರ್ಜನ್ ಮೆಕ್‌ಫೇಲ್ "ಆರು ತಿಂಗಳು ಕಾದು ನೋಡೋಣ" ಅಂದಾಗ ಆಂಟಿ ಕೇಳಿದ್ದು ಒಂದೇ ಮಾತು: "ಅಲ್ಲೀವರೆಗೆ ಹಾಡಬಹುದಾ?" ಮಾಂಗೆರೆ ಬಡಾವಣೆಯಲ್ಲಿ, ಸಮೋವಾ ದ್ವೀಪದಿಂದ ಬಂದವರ ಚರ್ಚಿನಲ್ಲಿ, ಅವರು ದನಿ ತೆಗೆದರೇನೇ ಉಳಿದವರು ಬಾಯಿ ತೆರೆಯುವುದು. ಮೆಕ್‌ಫೇಲ್‌ಗೆ ಉತ್ತರ ಗೊತ್ತಿರಲಿಲ್ಲ. ನನಗೆ ಫೋನ್ ಮಾಡಿದರು. "ಹಾಡುವಾಗ ಅವರ ರಕ್ತದೊತ್ತಡ ಎಷ್ಟಿರುತ್ತೆ ಅಂತ ಗೊತ್ತಾದರೆ ಲೆಕ್ಕ ಹಾಕಬಹುದು" ಅಂದೆ.

ಹಾಗಾಗಿ ಒಂದು ಬೆಳಿಗ್ಗೆ ಆಂಟಿಯೂ ಅವರ ಗಂಡ ಇಯೋಸೆಫೊ ಅವರೂ ಲ್ಯಾಬಿಗೆ ಬಂದರು. ಹಿಂದೆಯೇ ಮೆಕ್‌ಫೇಲ್.

ಪರದೆಯ ಮೇಲೆ ತಿರುಗುತ್ತಿದ್ದ ಬೂದುಬಣ್ಣದ ಬಲೆಯಂಥ ಆಕಾರವನ್ನು ಆಂಟಿ ಬಹಳ ಹೊತ್ತು ನೋಡಿದರು. "ಇದು ನಾನೇನಾ?"

"ಹೌದು ಆಂಟಿ. ಹೊಕ್ಕಳ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡ ಹಾಗೆ."

ಅವರು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು. ಇಯೋಸೆಫೊ ನನ್ನ ಕಡೆ ಬಾಗಿ, "ನೋಡಮ್ಮಾ, ಇವಳು ಹಾಡೋದು ನಿಲ್ಲಿಸಿದ್ರೆ ಮನೇಲಿ ನನ್ನ ಬೈಯೋದು ಜಾಸ್ತಿ ಆಗತ್ತೆ. ಅದರ ಒತ್ತಡಾನೂ ಲೆಕ್ಕ ಹಾಕ್ತೀಯಾ?" ಅಂದರು.

"ನೀನು ಸುಮ್ನಿರು, ಹುಡುಗಿ ಕೆಲಸ ಮಾಡಲಿ," ಅಂತ ಆಂಟಿ ಗದರಿದರು.

ಆಂಟಿಯ ಬೆರಳಿಗೆ ಒತ್ತಡ ಅಳೆಯುವ ಪಟ್ಟಿ ಹಾಕಿದೆ. ಆಂಟಿ ಎದ್ದು ನಿಂತರು. ಮೆಲ್ಲಗೆ ಶುರುವಾದ ದನಿ ಎರಡನೇ ಸಾಲಿಗೆ ಕೋಣೆ ತುಂಬಿತು, ಆಮೇಲೆ ಹೊರಗಿನ ಕಾರಿಡಾರ್ ದಾಟಿತು. ಅಕ್ಕಪಕ್ಕದ ಕೋಣೆಗಳಲ್ಲಿ ಕೀಲಿಮಣೆಗಳ ಸದ್ದು ನಿಂತುಹೋಯಿತು. ಇಯೋಸೆಫೊ ತಾವಾಗಿಯೇ ಕೆಳದನಿ ಸೇರಿಸಿದರು. ನನ್ನ ಮುಂದಿನ ಪರದೆಯಲ್ಲಿ ಒತ್ತಡದ ಗೆರೆ ಆಂಟಿಯ ಉಸಿರಿನೊಂದಿಗೆ ಏರುತ್ತಿತ್ತು, ಎತ್ತರದ ಸ್ವರ ಹಿಡಿದು ನಿಲ್ಲಿಸಿದಾಗ ನಾನೆಂದೂ ಎಣಿಸದಷ್ಟು ಮೇಲೆ ಹೋಯಿತು. ಮೆಕ್‌ಫೇಲ್ ಕೈ ಎತ್ತಿದರು. "ಸಾಕು ಲೋಸಾ, ಸಾಕು."

ಆ ಒತ್ತಡವನ್ನು ಲೆಕ್ಕಕ್ಕೆ ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಚಿತ್ರ ಬಂತು. ನಾವೆಲ್ಲ ಹೆದರಿದ್ದು ಉಬ್ಬಿನ ತುದಿಗೆ, ಅದು ಹಸಿರಾಗಿಯೇ ಇತ್ತು. ಕೆಂಪಾಗಿದ್ದದ್ದು ಅದರ ಕೆಳಗೆ, ಎಡಗಡೆ ನಾಳ ಥಟ್ಟನೆ ಬಾಗುವಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗ.

"ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಅಂತ ಅಂದ್ಕೊಂಡು ಮಾಡಿದ ಲೆಕ್ಕ ತಾನೇ ಇದು?" ಮೆಕ್‌ಫೇಲ್ ಕೇಳಿದರು.

"ಹೌದು. ಗೋಡೆಯ ದಪ್ಪ ಸ್ಕ್ಯಾನಲ್ಲಿ ಸರಿಯಾಗಿ ಕಾಣಲ್ಲ. ತಪ್ಪಿದ್ದರೂ ಇರಬಹುದು."

ಆಂಟಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿದೆವು: ಹಾಡದೆ ಕಾಯಬಹುದು, ಇಲ್ಲವೇ ಈಗಲೇ ಆಪರೇಷನ್. ಅವರು ಯೋಚಿಸಲೂ ಇಲ್ಲ. "ಬಾಯಿ ಮುಚ್ಕೊಂಡು ಆರು ತಿಂಗಳು ಕೂರೋಕೆ ನನ್ನ ಕೈಲಾಗಲ್ಲ. ಕೊಯ್ದುಬಿಡಿ ಡಾಕ್ಟ್ರೇ."

ಆಪರೇಷನ್ ದಿನ ಮೆಕ್‌ಫೇಲ್ ನನ್ನನ್ನೂ ಒಳಗೆ ಕರೆದರು. ಸಣ್ಣ ಮಣೆಯ ಮೇಲೆ ನಿಂತು ಅವರ ಹೆಗಲ ಮೇಲಿಂದ ಇಣುಕಿದೆ. ಕರುಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಸರಿಸಿದರು. ಕೆಳಗೆ ಅದಿತ್ತು. ನನಗೆ ಅದೇ ತಿರುವು, ಅದೇ ಉಬ್ಬು ತಕ್ಷಣ ಗುರುತು ಸಿಕ್ಕಿತು. ಆದರೆ ಪರದೆಯ ಮೇಲೆ ಬೂದುಬಣ್ಣದ ಬಲೆಯಾಗಿದ್ದದ್ದು ಇಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು, ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಇಡೀ ನಾಳ ಅಷ್ಟಷ್ಟೇ ಮೇಲೆದ್ದು ತಗ್ಗುತ್ತಿತ್ತು. ಒಬ್ಬ ಹೆಂಗಸನ್ನು ಅರವತ್ತು ವರ್ಷ ನಡೆಸಿ, ಹೆರಿಸಿ, ಹಾಡಿಸಿದ್ದು ಇದೇ. ಮುಖಕ್ಕೆ ಕಟ್ಟಿದ ಬಟ್ಟೆಯೊಳಗೆ ನನ್ನ ಬಾಯಿ ತೆರೆದೇ ಇತ್ತು.

ಮೆಕ್‌ಫೇಲ್‌ರ ಬೆರಳು ಉಬ್ಬಿನ ಕೆಳಗೆ ಎಡಗಡೆಗೆ ಜಾರಿ ನಿಂತುಬಿಟ್ಟಿತು. ಮುಟ್ಟಲಿಲ್ಲ.

"ನೋಡು," ಪಿಸುಗುಟ್ಟಿದರು. "ನೀನು ಹೇಳಿದ ಜಾಗ."

ಅಲ್ಲಿ ಗೋಡೆ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ರಕ್ತದ ಕಪ್ಪು ಹೊರಗೇ ಕಾಣುತ್ತಿತ್ತು, ಹಣ್ಣಾದ ಪ್ಲಮ್ಮಿನ ಸಿಪ್ಪೆಯ ಹಾಗೆ. ಗೆದ್ದೆ ಅನ್ನಿಸಲಿಲ್ಲ. ಈ ಪೊರೆಯ ಮೇಲೆ ಭಾರ ಹೇರಿ ಆಂಟಿ ನನ್ನೆದುರೇ ಹಾಡಿದ್ದರಲ್ಲ, ಅದು ಹಿಡಿದುಕೊಂಡಿತ್ತಲ್ಲ ಅನ್ನುವುದೊಂದೇ ತಲೆಯಲ್ಲಿತ್ತು.

ಕೆಟ್ಟ ಭಾಗದ ಜಾಗದಲ್ಲಿ ಬಟ್ಟೆಯ ಕೊಳವೆ ಹೊಲಿದರು. ವಾರ ಕಳೆದು ವಾರ್ಡಿಗೆ ಹೋದಾಗ ಆಂಟಿ ದಿಂಬಿಗೊರಗಿ ಕೂತಿದ್ದರು. ಮೆಲ್ಲಗೆ ನನ್ನ ಕೈ ಹಿಡಿದರು.

"ಒಳಗೆಲ್ಲಾ ನೋಡ್ದೆಯಂತೆ. ಹೆತ್ತ ಮಕ್ಕಳೂ ಕಾಣದ್ದನ್ನ ನೀನು ನೋಡ್ದೆ. ಹೆಂಗಿತ್ತೇ?"

ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ.

"ತುಂಬಾ ಚೆನ್ನಾಗಿತ್ತು ಆಂಟಿ," ಅಂದೆ.

ಅವರಿಗೆ ನಗು ಬಂತು. ಹೊಲಿಗೆ ಎಳೆದು "ಅಯ್ಯೋ" ಅಂತ ಹೊಟ್ಟೆ ಹಿಡಿದುಕೊಂಡರು. ಆದರೂ ನಗು ನಿಲ್ಲಲಿಲ್ಲ.