ಒಂಬತ್ತನೆಯ ವಚನ

ಶುಕ್ರವಾರ ಗಲ್ಫಿನ ಊದ್ ಮೇಥಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹೆಂಗಸರ ಪ್ರಾರ್ಥನಾ ಕೂಟವಿತ್ತು. ಬೈಬಲಿನಲ್ಲಿ ಅಬ್ರಹಾಮನ ಮನೆಯಿಂದ ಓಡಿಹೋದ ಐಗುಪ್ತದ ದಾಸಿಯ ಕಥೆಯನ್ನು ನಾನೇ ಆರಿಸಿದ್ದೆ. ಗಂಡಸರ ಕೈಯಲ್ಲಿ ಹೆಂಗಸರೆಲ್ಲರ ಪಾಡೂ ಒಂದೇ ಎಂದು ಭಾಷಣವನ್ನೂ ಬಿಗಿದೆ.

ಸುತ್ತ ಕೂತು ಒಬ್ಬೊಬ್ಬರು ಒಂದೊಂದು ವಚನ ಓದುವುದು ನಮ್ಮ ರೂಢಿ. ಚಾ ತಂದ ಕೀನ್ಯಾದ ಕೆಲಸದವಳಾದ ವಾಂಜಿರುವನ್ನು, ನೀನೂ ನಮ್ಮವಳೇ, ಓದು ಎಂದು ಇಂಗ್ಲಿಷ್ ಬೈಬಲ್ ಕೊಟ್ಟು ಕೂರಿಸಿದೆ.

ಅವಳ ಪಾಲಿಗೆ ಒಂಬತ್ತನೆಯ ವಚನ ಬಂತು. ಯಜಮಾನಿಯ ಹತ್ತಿರವೇ ವಾಪಸು ಹೋಗಿ ಹೇಳಿದಂತೆ ಕೇಳಿಕೊಂಡಿರಬೇಕೆಂದು ದೇವದೂತ ಆ ದಾಸಿಗೆ ಹೇಳುವ ವಚನ.

ಹೋದ ತಿಂಗಳು ವಾಂಜಿರು ಸತ್ವಾ ಬಡಾವಣೆಯಲ್ಲಿದ್ದ ಗೆಳತಿಯ ರೂಮಿಗೆ ಓಡಿಹೋಗಿದ್ದಳು. ಕಾರಿನಲ್ಲಿ ಹೋಗಿ ಕರೆತಂದವಳು ನಾನೇ. ಅವಳ ಪಾಸ್‌ಪೋರ್ಟು ನನ್ನ ಗಂಡ ರುಡೊಲ್ಫರ ಕಪಾಟಿನಲ್ಲಿದೆ. ಕೊಟ್ಟುಬಿಡಿ ಎಂದು ಎರಡು ಸಲ ಕೇಳಿದ್ದೆ.

"ನಿನ್ನ ವೀಸಾ ಸಹ ನನ್ನದರ ಮೇಲೆಯೇ ಇರುವುದು. ಖಲಾಸ್, ಸುಮ್ಮನಿರು," ಎಂದಿದ್ದರು.

ವಾಂಜಿರು ಎಲ್ಲೂ ತಡವರಿಸದೆ ಓದಿ ಮುಗಿಸಿದಳು.

"ನಿನ್ನ ಹುಡುಗಿ ಎಷ್ಟು ಚಂದ ಓದ್ತಾಳೆ ಮಾರಾಯ್ತಿ!" ಎಂದಳು ಪಕ್ಕದಲ್ಲಿದ್ದ ಕ್ಲಾರಾ.

ವಾಂಜಿರು ಎದ್ದು ತಟ್ಟೆ ಹಿಡಿದು ನನ್ನ ಮುಂದೆ ಬಂದಳು. "ಟೀ, ಮೇಡಂ?"

ಅವಳ ಮುಖ ನೋಡಲಾಗಲಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟೇ:

"ನಂಗೆ ಸಕ್ಕರೆ ಕಮ್ಮಿ."