ಮೇಲಿನ ಅಂತಸ್ತು

ಎತ್ತುವ ಗಾಡಿಯ ಫೋರ್ಕಿನ ತುದಿ ಈ ಸಲವೂ ಸರಕಿಟ್ಟ ಮರದ ಪ್ಯಾಲೆಟ್ಟಿನ ಸಂದಿಗೆ ಹೋಗದೆ ಹಲಗೆಗೇ ಬಡಿಯಿತು. ದೊಡ್ಡ ಸದ್ದೇನಲ್ಲ. ಆದರೂ ಅದನ್ನು ಮುಚ್ಚಿಹಾಕುವವಳಂತೆ ಅವಳು ಕೆಮ್ಮಿದಳು. ಸುತ್ತ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ರೀಚ್ ಟ್ರಕ್ಕಿನಲ್ಲಿ ಕೂತವನು ಅವಳ ಅಣ್ಣ. ಅವನು ಇನ್ನೂ ಅದನ್ನು ಓಡಿಸಬಹುದೇ ಎಂದು ಪರೀಕ್ಷಿಸುವವಳು ಅವಳು. ಅವಳ ಇಂಜಿನಿಯರಿಂಗ್ ಮುಗಿಯುವವರೆಗೆ ಅವನು ಗೋದಾಮಿನಲ್ಲಿ ಎರಡೆರಡು ಪಾಳಿ ದುಡಿದಿದ್ದ. ಅದೇ ಗೋದಾಮಿಗೆ ಅವಳು ಸುರಕ್ಷತಾ ಅಧಿಕಾರಿಯಾಗಿ ಬಂದಾಗ, "ಇಲ್ಲಿ ನಾನು ನಿಮಗೆ ಅಣ್ಣ ಅಲ್ಲ ಮೇಡಂ," ಎಂದು ನಕ್ಕಿದ್ದ. ಅವಳಿಗೆ ಒಳಗೊಳಗೇ ಹಾಯೆನಿಸಿತ್ತು. ಆಮೇಲೆ ನಾಚಿಕೆಯಾಗಿತ್ತು. ನಾಚಿಕೆ ಬೇಗ ಹೋಯಿತು.

ಗೋದಾಮಿನಲ್ಲಿ ಮನುಷ್ಯನ ಎತ್ತರವೆಂದರೆ ಅವನ ಗಾಡಿಯ ಎತ್ತರ. ಹೊಸಬರಿಗೆ ಕೈಯಲ್ಲಿ ಎಳೆಯುವ ಗಾಡಿ. ನೆಲದಿಂದ ನಾಲ್ಕು ಬೆರಳು ಎತ್ತಿದರೆ ಅದರ ಕೆಲಸ ಮುಗಿಯಿತು. ಪಳಗಿದವರಿಗೆ ಲಾರಿ ಇಳಿಸುವ ಫೋರ್ಕ್‌ಲಿಫ್ಟು. ಒಂದೊಂದೇ ಡಬ್ಬ ಆರಿಸಿ ತೆಗೆಯುವವರನ್ನು ನಿಂತ ಕಟ್ಟೆಯ ಸಮೇತ ಮೇಲೆತ್ತಲು ಇನ್ನೊಂದು. ಇಕ್ಕಟ್ಟಿನ ಓಣಿಯಲ್ಲಿ ನಿಂತು ಸೂರಿನವರೆಗೆ ಫೋರ್ಕು ಚಾಚುವ ರೀಚ್ ಟ್ರಕ್ಕು ಮಾತ್ರ ಎಲ್ಲರಿಗೂ ಸಿಗುವಂಥದ್ದಲ್ಲ. ಅತ್ತಿಗೆ ಗಂಡನನ್ನು 'ಮೇಲಂತಸ್ತಿನ ಸಾಹೇಬರು' ಎಂದು ಛೇಡಿಸುತ್ತಿದ್ದಳು.

"ಕಣ್ಣು ತೋರಿಸಿದ್ರಾ?" ಅವಳು ಕೇಳಿದಳು.

"ಕಣ್ಣಿಗೇನಾಗಿದೆ? ಫೋರ್ಕೇ ಒಂಚೂರು ಓರೆ."

"ನಿನ್ನೆ ತಾನೆ ಸರಿ ಮಾಡಿದಾರೆ."

"ಹಾಗಾದ್ರೆ ಪ್ಯಾಲೆಟ್ಟು ಓರೆ."

ಅವನು ನಕ್ಕ. ಅವಳೂ ನಗಬೇಕಾಯಿತು.

"ಕೈಗಾಡಿಯೇನೂ ಕೆಟ್ಟ ಕೆಲಸ ಅಲ್ಲ," ಅವಳು ನೆಲ ನೋಡುತ್ತ ಹೇಳಿದಳು. "ಆಯಾಸ ಕಮ್ಮಿ."

"ನಿಮ್ಮತ್ತಿಗೆಗೆ ನೀವೇ ಹೇಳ್ತೀರಾ?"

"ಇನ್ನೊಂದ್ಸಲ ಮಾಡಿ."

ಅವನನ್ನು ಪಾಸು ಮಾಡಿ, ನಾಳೆ ಸರಕು ಯಾರ ತಲೆ ಮೇಲಾದರೂ ಬಿದ್ದರೆ? ಫೇಲು ಮಾಡಿದರೆ, ರಾತ್ರಿ ಊಟಕ್ಕೆ ಎದುರುಬದುರು ಕೂರುವುದು ಹೇಗೆ? ಎರಡರಲ್ಲೂ ತಾನು ಹೆದರುತ್ತಿರುವುದು ತನಗಾಗಿಯೇ ಎಂಬುದು ಅವಳಿಗೆ ಹೊಳೆಯಿತು. ಅಣ್ಣನ ಕಣ್ಣಿನ ಬಗ್ಗೆ ಮರುಕ ಹುಟ್ಟಿಸಿಕೊಳ್ಳಲು ನೋಡಿದಳು. ಹುಟ್ಟಲಿಲ್ಲ.

ಈ ಸಲ ಫೋರ್ಕು ತಡಕಾಡಿ ಸಂದಿಯೊಳಗೆ ಹೊಕ್ಕಿತು. ಪ್ಯಾಲೆಟ್ಟನ್ನು ಕಬ್ಬಿಣದ ಕಪಾಟಿನಿಂದ ಕೆಳಗಿಳಿಸಿ, ತಿರುಗಿ ಅಲ್ಲೇ ಇಡಬೇಕಿತ್ತು. ಇಳಿಸಿದ. ಮತ್ತೆ ಎತ್ತಿದ. ತುತ್ತತುದಿಗೆ ಹೋದಮೇಲೆ ಯಂತ್ರದ ಸದ್ದು ನಿಂತಿತು. ಅವನು ಕತ್ತು ಹೊರಚಾಚಿ, ಪ್ಯಾಲೆಟ್ಟು ಇದ್ದ ಕಡೆಗಲ್ಲ, ಅದರ ಪಕ್ಕದ ಖಾಲಿ ಜಾಗಕ್ಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಪುಟ್ಟೀ," ಎಂದ. ಮೇಡಂ ಎಲ್ಲೋ ಉದುರಿಹೋಗಿತ್ತು. "ಒಳಗೆ ಹೋಯ್ತೇನೇ?"

ನೋಡಲೆಂದು ಅವಳು ಕಪಾಟಿನ ಬುಡಕ್ಕೆ ಹೋಗಿ ತಲೆಯೆತ್ತಿದಳು. ಪ್ಯಾಲೆಟ್ಟು ಅರ್ಧ ಕಂಬಿಯ ಮೇಲಿತ್ತು, ಅರ್ಧ ಗಾಳಿಯಲ್ಲಿ. ನೆರಳು ಅವಳ ಮುಖ, ಹೆಗಲು, ಕಾಲುಗಳನ್ನು ಮುಚ್ಚಿತ್ತು. ತಾನು ನಿಂತಿರುವುದು ಎಲ್ಲಿ ಎಂದು ಆಗ ತಿಳಿಯಿತು.

"ಬಿಡ್ಲೇನೇ ಪುಟ್ಟೀ?"

ಅವಳು ಆ ನೆರಳಿನಲ್ಲೇ ನಿಂತಿದ್ದಳು. ಮೇಲೆ, ಪೆಟ್ಟಿಗೆಗಳಿಗೆ ಬಿಗಿದು ಸುತ್ತಿದ್ದ ಪ್ಲಾಸ್ಟಿಕ್ಕು ಉಸಿರಾಡುವಂತೆ ಒಳಸರಿದು, ಉಬ್ಬಿ, ಮತ್ತೆ ಒಳಸರಿಯುತ್ತಿತ್ತು.